ಮಗಳ ನೂರನೇ ದಿನದ ಒಕುಯಿಝೊಮೆ: ಚಾಪ್‌ಸ್ಟಿಕ್ ಯಾರ ಕೈಯಲ್ಲಿ ಇರಬೇಕು?

ಕವಾಗೊಯೆ ಬಾಣಂತಿ · ಫೆಬ್ರವರಿ 9, ರಾತ್ರಿ 10:40

ಎಲ್ಲರಿಗೂ ನಮಸ್ಕಾರ. ಇದೇ 25ಕ್ಕೆ ನಮ್ಮ ಮಗಳಿಗೆ ನೂರು ದಿನ ತುಂಬುತ್ತದೆ. ಹುಟ್ಟಿದ ದಿನವನ್ನೇ ಒಂದು ಅಂತ ಎಣಿಸುವುದು ಇಲ್ಲಿನ ಲೆಕ್ಕ. ನಾನು ಮೈಸೂರಿನವಳು, ನಮ್ಮನೆಯವರು ಜಪಾನಿನವರು, ಇರುವುದು ತೋಕಿಯೋ ಪಕ್ಕದ ಸೈತಾಮಾದ ಕವಾಗೊಯೆಯಲ್ಲಿ. ಅತ್ತೆ ಮಾವ ನಿಗಾತಾದ ನಾಗಾಓಕಾದಿಂದ ಬರುತ್ತಾರೆ. ಮಾವನ ತಾಯಿ, 92 ವರ್ಷದ ಅಜ್ಜಿ, ಹಿಮ ಕಡಿಮೆ ಇದ್ದರೆ ತಾವೂ ಬರುವುದಾಗಿ ಹೇಳಿದ್ದಾರೆ. ನಮ್ಮಮ್ಮ ಬಾಣಂತನಕ್ಕೆ ಅಂತ ಡಿಸೆಂಬರಿನಲ್ಲೇ ಬಂದು ಇಲ್ಲೇ ಇದ್ದಾಳೆ.

ನೂರನೇ ದಿನದ ಈ ಶಾಸ್ತ್ರಕ್ಕೆ ಒಕುಯಿಝೊಮೆ ಅನ್ನುತ್ತಾರೆ. ಮೊದಲ ಸಲ ತಿನ್ನುವುದು ಅಂತ ಅರ್ಥ. ಮಗುವಿಗೆ ಪೂರ್ತಿ ಊಟ ಬಡಿಸಬೇಕು. ಸೆಕಿಹಾನ್ ಎನ್ನುವ ಕೆಂಪು ಅನ್ನ, ತಲೆ ಬಾಲ ಸಮೇತ ಸುಟ್ಟ ತಾಯ್ ಮೀನು, ತಿಳಿಸಾರು, ಬೇಯಿಸಿದ ತರಕಾರಿ, ಉಪ್ಪಿನಕಾಯಿ, ಜೊತೆಗೆ ಒಂದು ಪುಟ್ಟ ಕಲ್ಲು. ಮಗು ಏನನ್ನೂ ತಿನ್ನುವುದಿಲ್ಲ. ಚಾಪ್‌ಸ್ಟಿಕ್ಕಿನಲ್ಲಿ ಎತ್ತಿ ತುಟಿಯ ಹತ್ತಿರ ತಂದು ತಿನ್ನಿಸಿದ ಹಾಗೆ ಮಾಡುತ್ತಾರೆ, ಅಷ್ಟೆ. ಜೀವಮಾನವಿಡೀ ಇವಳಿಗೆ ಊಟಕ್ಕೆ ಕೊರತೆಯಾಗದಿರಲಿ ಅನ್ನುವ ಹಾರೈಕೆ.

ನನಗೆ ಎರಡು ಚಿಂತೆ.

ಒಂದು, ಅಮ್ಮ ಮೀನು ಮುಟ್ಟುವವಳಲ್ಲ. ಮೀನಿರುವ ಮೇಜಿಗೆ ಕೂರುತ್ತಾಳೆ, ಅಷ್ಟು ಒಗ್ಗಿಕೊಂಡಿದ್ದಾಳೆ. ಆದರೆ ಮೊಮ್ಮಗಳ ಬಾಯಿಗೆ ಮೊದಲು ಸೋಕುವುದೇ ಮೀನು ಅಂದಾಗ ಮುಖ ಸಪ್ಪಗಾಯಿತು. ಅತ್ತೆಗೆ ತಾಯ್ ಇಲ್ಲದ ಒಕುಯಿಝೊಮೆ ಊಹೆಗೂ ನಿಲುಕದು. ಮಂಗಳ ಅನ್ನುವುದಕ್ಕೆ ಇಲ್ಲಿ 'ಮೆದೆತಾಯ್' ಅನ್ನುತ್ತಾರೆ, ಆ ಮಾತಿನ ಬಾಲದಲ್ಲೇ ಮೀನಿನ ಹೆಸರಿದೆ.

ಇನ್ನೊಂದು, ಇದೇ ನನ್ನ ಮನಸ್ಸಿನಲ್ಲಿ ಕೊರೆಯುತ್ತಿರುವುದು. ಚಾಪ್‌ಸ್ಟಿಕ್ ಹಿಡಿಯಬೇಕಾದವರು ಬಂಧುಗಳಲ್ಲಿ ಎಲ್ಲರಿಗಿಂತ ಹಿರಿಯರಂತೆ. ಹೆಣ್ಣುಮಗುವಾದರೆ ಹೆಂಗಸು, ಗಂಡುಮಗುವಾದರೆ ಗಂಡಸು. ಹಾಗಾದರೆ ಅದು ಅಜ್ಜಿಯದೇ ಸ್ಥಾನ. ಆದರೆ ಒಂದು ತಿಂಗಳಿಗೆ ದೇವಸ್ಥಾನಕ್ಕೆ ಹೋಗಿ ಓಮಿಯಾಮೈರಿ ಮಾಡಿದಾಗಲೂ ರೂಢಿಯ ಪ್ರಕಾರ ಮಗುವನ್ನು ಎತ್ತಿಕೊಂಡವರು ಅತ್ತೆ. ಮಗುವಿನ ಮೇಲೆ ಹೊದಿಸಿದ ಕಿಮೊನೊದ ದಾರವನ್ನು ಅತ್ತೆಯ ಕುತ್ತಿಗೆಯ ಹಿಂದೆ ಕಟ್ಟಿದರು. ಅಮ್ಮ ಪಕ್ಕದಲ್ಲಿ ಮಗುವಿನ ಚೀಲ ಹಿಡಿದು ನಿಂತಿದ್ದಳು. ಎರಡು ತಿಂಗಳಿಂದ ದಿನಾ ಎಣ್ಣೆ ಹಚ್ಚಿ ನೀರು ಹಾಕುತ್ತಿರುವವಳು ಅವಳು. ಯಾರೂ ತಪ್ಪು ಮಾಡಿಲ್ಲ, ಆದರೂ ಆ ಫೋಟೊ ನೋಡಿದಾಗಲೆಲ್ಲ ನನಗೆ ಕಣ್ಣು ತುಂಬುತ್ತದೆ. ಈ ಸಲವಾದರೂ ಅಮ್ಮನ ಕೈ ಮಗುವಿನ ಬಾಯಿಯ ಹತ್ತಿರ ಹೋಗಬೇಕು ಅಂತ ಆಸೆ. ಇಲ್ಲಿ ಯಾರಾದರೂ ಈ ಶಾಸ್ತ್ರ ಮಾಡಿದ್ದೀರಾ? ಹೇಗೆ ನಿಭಾಯಿಸಿದಿರಿ?

---

ಒಸಾಕಾ ಕನ್ನಡಿಗ · ಫೆಬ್ರವರಿ 9, ರಾತ್ರಿ 11:25

ಅಭಿನಂದನೆಗಳು ಅಕ್ಕಾ. ನಮ್ಮ ಮಗನಿಗೆ ಎರಡು ವರ್ಷದ ಕೆಳಗೆ ಮಾಡಿದೆವು. ಮೊದಲಿಗೆ ತಾರೀಖಿನ ಬಗ್ಗೆ ತಲೆ ಕೆಡಿಸಿಕೊಳ್ಳಬೇಡಿ. ಸರಿಯಾಗಿ ನೂರನೇ ದಿನವೇ ಆಗಬೇಕು ಅಂತೇನಿಲ್ಲ. 110, 120ನೇ ದಿನಕ್ಕೆ ಮುಂದೂಡುವುದಕ್ಕೂ ಇಲ್ಲಿ ಹೆಸರಿದೆ, ಕುಯಿನೊಬಾಶಿ. ಊಟ ಮುಂದೆ ಹೋದಷ್ಟು ಆಯುಸ್ಸು ಹೆಚ್ಚುತ್ತದೆ ಅಂತ ನಂಬಿಕೆ. ಅಜ್ಜಿ ಹಿಮದ ಊರಿಂದ ಬರಬೇಕಲ್ಲ, ಅವರಿಗೆ ಅನುಕೂಲವಾದ ದಿನ ಇಟ್ಟುಕೊಳ್ಳಿ.

ಕಲ್ಲಿನ ವಿಷಯ. ಅದು ಹಲ್ಲು ಗಟ್ಟಿಯಾಗಲಿ ಅಂತ ಇಡುವ ಕಲ್ಲು, ಹಾಗತಾಮೆ ನೊ ಇಶಿ. ಕಲ್ಲನ್ನು ಮಗುವಿನ ಬಾಯಿಗೆ ಇಡುವುದಿಲ್ಲ. ಚಾಪ್‌ಸ್ಟಿಕ್ಕಿನ ತುದಿಯನ್ನು ಕಲ್ಲಿಗೆ ಮುಟ್ಟಿಸಿ, ಆಮೇಲೆ ಅದೇ ತುದಿಯನ್ನು ವಸಡಿಗೆ ಮೆಲ್ಲಗೆ ಸೋಕಿಸುತ್ತಾರೆ. ನಮ್ಮ ಕನ್ಸಾಯ್ ಕಡೆ ಕಲ್ಲಿನ ಬದಲು ಆಕ್ಟೋಪಸ್ ಇಡುವವರು ಬಹಳ. ತಾಕೊ ಅಂದರೆ ಆಕ್ಟೋಪಸ್, ಬೇರೆ ಅಕ್ಷರದಲ್ಲಿ ಬರೆದರೆ 'ಬಹಳ ಸುಖ'. ಕೋಬೆ ಪಕ್ಕದ ಆಕಾಶಿ ಊರಂತೂ ತಾಯ್‌ಗೂ ತಾಕೊಗೂ ಹೆಸರುವಾಸಿ, ನಮ್ಮ ಅತ್ತೆ ಅಲ್ಲಿಂದಲೇ ಎರಡನ್ನೂ ತಂದಿದ್ದರು. ನಿಮ್ಮಮ್ಮ ಇರುವಾಗ ಕಲ್ಲೇ ವಾಸಿ. ಕಲ್ಲು ಸಸ್ಯಾಹಾರಿಗಳಿಗೂ ಸಲ್ಲುತ್ತದೆ.

---

ಧಾರವಾಡದಾಕಿ, ಈಗ ನಾಗೋಯಾ · ಫೆಬ್ರವರಿ 10, ಬೆಳಿಗ್ಗೆ 6:50

ನೋಡವಾ ತಂಗಿ, ನಿನ್ನ ಪತ್ರ ಓದಿ ನನಗೂ ಜೀವ ಚುರ್ ಅಂತು. ನಾನೂ ಇದ ದಾರ್ಯಾಗ ಬಂದಾಕಿ. ಒಂದು ಮಾತು ಹೇಳ್ತೀನಿ, ಇದು ನಿಮ್ಮನಿಯವರಿಗೂ ಗೊತ್ತಿರಬೇಕು. ಆ ಊಟದ ಅರಗಿನ ಬಟ್ಟಲ, ಅವನ್ನ ಇಡೂ ಮಣಿ ಎಲ್ಲಾ ಹಳೇ ರೂಢಿ ಪ್ರಕಾರ ತಾಯಿ ತವರಮನಿಯಿಂದನ ಬರಬೇಕು. ನಮ್ಮಲ್ಲಿ ತೊಟ್ಟಲಾ ತವರಿನಿಂದ ಬರ್ತದಲ್ಲ, ಹಂಗ. ಓಮಿಯಾಮೈರಿ ಅತ್ತಿ ಪಾಲು ಅಂದ್ರ, ಒಕುಯಿಝೊಮೆ ಭಾಂಡೆ ನಿಮ್ಮವ್ವನ ಪಾಲು. ಅಂದ್ರ ಅಕಿ ಬರೇ ಮಗ್ಗಲಕ್ಕ ನಿಂದರಾಕ ಬಂದಾಕಿ ಅಲ್ಲ, ಊಟಾ ಬಡಸೂ ತಾಟ ಅಕೀದು.

ಅವ್ವನ ಕರಕೊಂಡು ಹೋಗಿ ಅಕಿ ಕೈಲೆ ಆರಿಸಿ ತಗೊ. ಗಂಡು ಹುಡುಗಗ ಒಳಗೂ ಹೊರಗೂ ಕೆಂಪ ಬಟ್ಟಲ, ಹುಡುಗಿಗೆ ಹೊರಗ ಕರಿ, ಒಳಗ ಕೆಂಪ. ಹುಡುಗಿ ಮಣಿಗೆ ಕಾಲು ಎತ್ತರ ಇರ್ತಾವ. ಕರಿ ಬಣ್ಣ ಅಂತ ಅವ್ವ ಗಾಬರಿ ಆಗಬಾರದು, ಮೊದಲ ಹೇಳಿಡು.

---

ಯೊಕೊಹಾಮಾ ಮಂಗಳೂರಿಗ · ಫೆಬ್ರವರಿ 10, ಮಧ್ಯಾಹ್ನ 1:10

ಮೀನಿನ ಜವಾಬ್ದಾರಿಯನ್ನು ಅತ್ತೆಯವರಿಗೋ ಯಜಮಾನರಿಗೋ ಬಿಟ್ಟುಬಿಡಿ. ಬಾಣಂತಿ ಮೀನು ಸುಡುತ್ತಾ ನಿಲ್ಲುವ ಅಗತ್ಯವಿಲ್ಲ. ಮೀನಿನ ಅಂಗಡಿಗೆ ನಾಲ್ಕೈದು ದಿನ ಮುಂಚೆ ಹೇಳಿದರೆ ತೊಳೆದು ಸುಟ್ಟೇ ಕೊಡುತ್ತಾರೆ.

ಮನೆಯಲ್ಲೇ ಮಾಡುವುದಾದರೆ ಮೊದಲು ಅಳತೆ ನೋಡಿಕೊಳ್ಳಿ. ಇಲ್ಲಿನ ಒಲೆಯ ಕೆಳಗಿನ ಮೀನಿನ ಗ್ರಿಲ್‌ನಲ್ಲಿ ದೊಡ್ಡ ತಾಯ್ ಹಿಡಿಸುವುದಿಲ್ಲ, ಬಾಲ ಕತ್ತರಿಸಿದರೆ ಶಾಸ್ತ್ರಕ್ಕೆ ಬರುವುದಿಲ್ಲ. ಅವನ್‌ನಲ್ಲಿ ಸುಡಿ. ರೆಕ್ಕೆ ಮತ್ತು ಬಾಲ ಬೇಗ ಕರಕಾಗುತ್ತವೆ. ಅದಕ್ಕೆ ಅವನ್ನು ಬೆರಳಲ್ಲಿ ಬಿಡಿಸಿ ಹಿಡಿದು, ಬೆಳ್ಳಗೆ ಕಾಣುವಷ್ಟು ಉಪ್ಪು ಒತ್ತಬೇಕು. ಇದಕ್ಕೆ ಕೆಶೋ-ಜಿಯೊ ಅಂತಾರೆ, ಅಲಂಕಾರದ ಉಪ್ಪು. ಅದರ ಮೇಲೆ ಅಲ್ಯುಮಿನಿಯಮ್ ಹಾಳೆ ಸುತ್ತಿ, ಕೊನೆಯ ಐದು ನಿಮಿಷ ಇರುವಾಗ ತೆಗೆಯಿರಿ. ತಟ್ಟೆಯಲ್ಲಿ ತಲೆ ಎಡಕ್ಕೆ, ಹೊಟ್ಟೆ ನಮ್ಮ ಕಡೆಗೆ.

ನಮ್ಮ ಕರಾವಳಿಯಲ್ಲಿ ಮೀನಿನ ಊಟಕ್ಕೂ ಶುಭಕಾರ್ಯಕ್ಕೂ ನಡುವೆ ಒಂದು ಗೆರೆ ಇದೆ. ಇಲ್ಲಿ ಮೀನೇ ಶುಭ. ಮಗಳ ಒಕುಯಿಝೊಮೆಯಲ್ಲಿ ನನ್ನ ತಾಯಿ ಅದನ್ನು ನೋಡಿ ಬಹಳ ಹೊತ್ತು ಸುಮ್ಮನೆ ಕೂತಿದ್ದರು, ಆಮೇಲೆ "ಎಷ್ಟು ಚೆಂದ ಬಣ್ಣ" ಅಂದರು.

---

ಜಯನಗರ 4ನೇ ಬ್ಲಾಕ್ · ಫೆಬ್ರವರಿ 10, ಸಂಜೆ 7:30

ನನ್ನ ಮಾತನ್ನು ತಪ್ಪು ತಿಳಿಯಬೇಡಿ. ಮಗು ತಿನ್ನದೇ ಇರುವ ಊಟಕ್ಕೆ ಇಷ್ಟೊಂದು ಯೋಚನೆ ಯಾಕೆ? ಆರನೇ ತಿಂಗಳಲ್ಲಿ ನಮ್ಮ ಅನ್ನಪ್ರಾಶನ ಇದ್ದೇ ಇದೆ. ಅದರಲ್ಲಿ ಮಗು ನಿಜವಾಗಿ ಪಾಯಸ ಚಪ್ಪರಿಸುತ್ತದೆ. ನಿಮ್ಮಮ್ಮನ ಆಸೆಯೂ ತೀರುತ್ತದೆ. ಇಲ್ಲಿ ಮೀನು, ಕಲ್ಲು ಅಂತ ಅವರನ್ನು ಸಂಕಟಕ್ಕೆ ಸಿಲುಕಿಸುವುದು ಸರಿ ಕಾಣಲಿಲ್ಲ.

---

ಕ್ಯೋಟೋದಲ್ಲಿ ಓದುತ್ತಿರುವವಳು · ಫೆಬ್ರವರಿ 10, ರಾತ್ರಿ 9:45

ಜಯನಗರದ ಸರ್, ನೀವು ಕೇಳಿದ್ದಕ್ಕೆ ಸಾವಿರ ವರ್ಷ ಹಳೆಯ ಉತ್ತರವೊಂದಿದೆ.

ಹೆಯಾನ್ ಕಾಲದ ಅರಮನೆಯಲ್ಲಿ ಮಗು ಹುಟ್ಟಿದ ಐವತ್ತನೇ ದಿನಕ್ಕೂ ನೂರನೇ ದಿನಕ್ಕೂ ಬಾಯಿಗೆ ಮೋಚಿ, ಅಂದರೆ ಅಂಟಕ್ಕಿಯ ಕಡುಬು, ಮುಟ್ಟಿಸುತ್ತಿದ್ದರು. ಐವತ್ತರದು ಇಕಾ, ನೂರರದು ಮೊಮೊಕಾ. 1008ರಲ್ಲಿ ಮಹಾರಾಣಿ ಶೋಶಿಗೆ ರಾಜಕುಮಾರ ಅತ್ಸುಹಿರಾ ಹುಟ್ಟಿದ. ಅವನ ಐವತ್ತನೇ ದಿನದ ಸಂಭ್ರಮವನ್ನು ರಾಣಿಯ ಬಳಿಯೇ ಇದ್ದ ಮುರಾಸಾಕಿ ಶಿಕಿಬು ತನ್ನ ದಿನಚರಿಯಲ್ಲಿ ಬರೆದಿಟ್ಟಿದ್ದಾಳೆ. ಮಗುವಿನ ಮುಂದೆ ಇಟ್ಟ ಪುಟ್ಟ ಮಣೆ, ಪುಟ್ಟ ತಟ್ಟೆಗಳು, ಚಾಪ್‌ಸ್ಟಿಕ್ ಇಡುವ ಪೀಠ ಎಲ್ಲ ಗೊಂಬೆಯಾಟದ ಸಾಮಾನಿನ ಹಾಗೆ ಕಂಡವು ಅನ್ನುತ್ತಾಳೆ. ನನಗೆ ಆ ಸಾಲು ಬಹಳ ಇಷ್ಟ. ಸಾಮ್ರಾಜ್ಯದ ಉತ್ತರಾಧಿಕಾರದ ಲೆಕ್ಕಾಚಾರವೆಲ್ಲ ಆ ಮಗುವಿನ ಸುತ್ತ ನಡೆಯುತ್ತಿದ್ದಾಗ, ಅವಳ ಕಣ್ಣು ಹೋಗಿದ್ದು ತಟ್ಟೆ ಎಷ್ಟು ಚಿಕ್ಕದು ಅನ್ನುವುದರ ಮೇಲೆ.

ಆಗೆಲ್ಲ ಹುಟ್ಟಿದ ಮಗು ನೂರು ದಿನ ಉಳಿಯುತ್ತದೆ ಅನ್ನುವ ಭರವಸೆಯೇ ಇರಲಿಲ್ಲ. ನೂರನೇ ದಿನ ಊಟ ಬಡಿಸುವುದು ಎಂದರೆ, 'ನೀನು ಉಳಿದೆ, ಇನ್ನು ನಮ್ಮ ಪಂಕ್ತಿಯಲ್ಲಿ ನಿನಗೂ ಒಂದು ಎಲೆ' ಅಂತ ಹೇಳುವುದು. ಮಗು ತಿನ್ನುತ್ತದೋ ಇಲ್ಲವೋ ಅನ್ನುವುದು ಅಲ್ಲಿ ಮುಖ್ಯವಲ್ಲ.

ಹಾಗೇ ಚಾಪ್‌ಸ್ಟಿಕ್ ಹಿಡಿಯುವವರ ವಿಷಯ. ಅವರಿಗೆ ಯಾಶಿನಾಯ್-ಓಯಾ ಅನ್ನುತ್ತಾರೆ, ಸಾಕುವ ತಾಯಿ ತಂದೆ ಅಂತ. ಹಿರಿಯರ ದೀರ್ಘಾಯುಸ್ಸು ಮಗುವಿಗೂ ಬರಲಿ ಅಂತ ಅವರ ಕೈಯಲ್ಲಿ ಮಾಡಿಸುತ್ತಾರೆ. ಆದರೆ ಒಬ್ಬರೇ ಮಾಡಬೇಕು ಅಂತ ಈಗ ಯಾರೂ ಹಟ ಹಿಡಿಯುವುದಿಲ್ಲ. ಸರದಿಯ ಮೇಲೆ ಎಲ್ಲರೂ ತಿನ್ನಿಸುವ ಮನೆಗಳು ಬೇಕಾದಷ್ಟಿವೆ. ಕೇಳಿ ನೋಡಿ ಅಕ್ಕಾ.

---

ಸಪ್ಪೊರೊ ಅಮ್ಮ · ಫೆಬ್ರವರಿ 11, ಬೆಳಿಗ್ಗೆ 9:15

ಸಾರಿನ ಬಗ್ಗೆ ಯಾರೂ ಹೇಳಿಲ್ಲ. ಸುಯಿಮೊನೊ ಅಂದರೆ ಹೀರುವ ಪದಾರ್ಥ. ಮಗುವಿಗೆ ಹಾಲು ಹೀರುವ ಶಕ್ತಿ ಬರಲಿ ಅಂತ ಅದನ್ನು ಇಡುವುದು. ಸಾಮಾನ್ಯವಾಗಿ ಕಪ್ಪೆಚಿಪ್ಪು ಹಾಕುತ್ತಾರೆ, ಸಾರಿನ ದಾಶಿಗೆ, ಅಂದರೆ ರುಚಿ ಇಳಿಸಿದ ತಿಳಿನೀರಿಗೆ, ಒಣಮೀನಿನ ತೆಳು ಚೂರು ಹಾಕುತ್ತಾರೆ. ನಿಮ್ಮಮ್ಮನಿಗಾಗಿ ಕೊಂಬು ಮತ್ತು ಒಣಗಿದ ಶಿಯಿತಾಕೆ ಅಣಬೆಯ ದಾಶಿ ಮಾಡಿ. ಕೊಂಬು ಕಡಲಿನ ಸೊಪ್ಪು, ರಾತ್ರಿಯೇ ತಣ್ಣೀರಲ್ಲಿ ನೆನೆಹಾಕಿದರೆ ಸಾಕು. ತೋಫು, ಹೂವಿನ ಆಕಾರಕ್ಕೆ ಕತ್ತರಿಸಿದ ಕ್ಯಾರೆಟ್ ಹಾಕಿದರೆ ನೋಡಲೂ ಲಕ್ಷಣ. ಸೆಕಿಹಾನಿಗೆ ಹೇಗೂ ಮೀನಿನ ಸೋಂಕಿಲ್ಲ. ಅಂದರೆ ಅನ್ನ, ಸಾರು, ತರಕಾರಿ, ಕಲ್ಲು ಇಷ್ಟೂ ನಿಮ್ಮಮ್ಮ ಮುಟ್ಟಬಹುದಾದ್ದೇ. ಬಾಕಿ ಉಳಿಯುವುದು ಒಂದು ಮೀನು.

ನಮ್ಮ ಹೊಕ್ಕಾಯಿದೊದಲ್ಲಿ ಸೆಕಿಹಾನಿಗೆ ಸಕ್ಕರೆ ಕಾಳು, ಅಮನತ್ತೊ, ಹಾಕುತ್ತಾರೆ. ಗುಲಾಬಿ ಬಣ್ಣದ ಸಿಹಿ ಅನ್ನ. ನಮ್ಮಮ್ಮ ಅದನ್ನು ಹುಗ್ಗಿ ಅಂತಲೇ ಕರೆದರು.

ಇನ್ನೊಂದು ಮಾತು ಮಾತ್ರ ಕಟ್ಟುನಿಟ್ಟಾಗಿ ಹೇಳುತ್ತೇನೆ. ನೂರು ದಿನದ ಮಗುವಿಗೆ ನಿಜವಾಗಿ ಏನೂ ಉಣ್ಣಿಸಬೇಡಿ. ಪ್ರೀತಿಯಿಂದ ಯಾರಾದರೂ ಜೇನುತುಪ್ಪ ನೆಕ್ಕಿಸಲು ಬಂದರೂ ಬಿಡಬೇಡಿ, ಒಂದು ವರ್ಷದವರೆಗೆ ಜೇನು ಕೂಡದು. ಇಲ್ಲಿ ಮೇಲೂಟ ಶುರುಮಾಡುವುದು ಐದಾರು ತಿಂಗಳಿಗೆ.

---

ಕವಾಗೊಯೆ ಬಾಣಂತಿ · ಫೆಬ್ರವರಿ 11, ರಾತ್ರಿ 11:50

ಎಲ್ಲರಿಗೂ ಕೈಮುಗಿಯುತ್ತೇನೆ. ಧಾರವಾಡದಕ್ಕ, ನೀವು ತವರಿನ ಪಾಲು ಅಂದಿದ್ದನ್ನು ಅಮ್ಮನಿಗೆ ಓದಿ ಹೇಳಿದೆ. ಅಮ್ಮ ಏನೂ ಮಾತಾಡದೆ ಎದ್ದುಹೋಗಿ ಸೂಟ್‌ಕೇಸಿನ ತಳದಿಂದ ಒಂದು ಪಂಚೆಯ ಗಂಟು ತಂದಳು. ಒಳಗೆ ಬೆಳ್ಳಿ ಒಳಲೆ. ನನಗೆ ಹಾಲು ಕುಡಿಸಿದ್ದು ಅದರಲ್ಲೇ, ನನ್ನಣ್ಣನಿಗೂ. ಮೂತಿಯ ಹತ್ತಿರ ಸಣ್ಣ ತಗ್ಗಿದೆ, ಅಣ್ಣ ಕಚ್ಚಿದ್ದಂತೆ. "ಇಲ್ಲಿ ಬಾಟಲಿ ಇದೆಯಲ್ಲ, ಇದನ್ನ ಯಾಕೆ ತೆಗೆಯೋದು ಅಂತ ಸುಮ್ಮನಿದ್ದೆ" ಅಂದಳು. ಎರಡು ತಿಂಗಳು ನನ್ನ ಮನೆಯಲ್ಲೇ ಇತ್ತು, ನನಗೆ ಗೊತ್ತಿರಲಿಲ್ಲ.

ಶಾಸ್ತ್ರ 28, ಶನಿವಾರಕ್ಕೆ ಇಟ್ಟುಕೊಂಡೆವು. ಅತ್ತೆ ಕ್ಯಾಲೆಂಡರಿನಲ್ಲಿ ತಮ್ಮ ಲೆಕ್ಕದ ಶುಭದಿನ ನೋಡುತ್ತಾರೆ, ಅಮ್ಮ ಪಂಚಾಂಗದಲ್ಲಿ ರಾಹುಕಾಲ ತಪ್ಪಿಸುತ್ತಾಳೆ. ಕೊನೆಗೆ ಇಬ್ಬರಿಗೂ ಸಮ್ಮತವಾದದ್ದು ಹನ್ನೊಂದೂವರೆ ಗಂಟೆ.

---

ಕವಾಗೊಯೆ ಬಾಣಂತಿ · ಮಾರ್ಚ್ 1, ಮಧ್ಯಾಹ್ನ 2:20

ನಿನ್ನೆ ಆಯಿತು. ಇನ್ನೂ ಅದೇ ಗುಂಗಿನಲ್ಲಿದ್ದೇನೆ, ಸ್ವಲ್ಪ ಉದ್ದ ಬರೆಯುತ್ತೇನೆ, ಕ್ಷಮಿಸಿ.

ಅರಗಿನ ಬಟ್ಟಲುಗಳನ್ನು ಅಮ್ಮನೇ ಆರಿಸಿದ್ದಳು. ಹೊರಗೆ ಕಪ್ಪು, ಒಳಗೆ ಕುಂಕುಮದ ಬಣ್ಣ. ಒಳಬಣ್ಣ ಕಂಡ ಮೇಲೆ ಹೊರಬಣ್ಣದ ಬಗ್ಗೆ ಅವಳು ಮಾತೇ ಎತ್ತಲಿಲ್ಲ. ಮಣೆಯ ಬಲಮೂಲೆಯಲ್ಲಿ ಒಳಲೆ ಇಟ್ಟಳು. ಅತ್ತೆ ಅದೇನು ಅಂತ ಕೇಳಿದರು. ನಮ್ಮನೆಯವರು ತಿಳಿಸಿ ಹೇಳಿದರು. ಅತ್ತೆ ಅದನ್ನು ಎರಡೂ ಕೈಯಲ್ಲಿ ತೆಗೆದುಕೊಂಡು, ತಗ್ಗನ್ನು ಹೆಬ್ಬೆರಳಲ್ಲಿ ಸವರಿ, ಮೂತಿ ಮಗುವಿನ ಕಡೆಗೆ ಬರುವ ಹಾಗೆ ತಿರುಗಿಸಿಟ್ಟರು.

ಸೆಕಿಹಾನ್ ಅತ್ತೆ ಊರಿಂದಲೇ ಬೇಯಿಸಿ ತಂದಿದ್ದರು. ಇಲ್ಲಿ ಕಾಂತೊ ಕಡೆ ಅಜುಕಿ ಕಾಳಿನ ಬದಲು ಸಸಾಗೆ ಹಾಕುತ್ತಾರೆ, ನಮ್ಮ ಅಲಸಂದೆಯ ಜಾತಿಯದು. ಅಜುಕಿ ಬೆಂದಾಗ ಹೊಟ್ಟೆ ಒಡೆಯುತ್ತದೆ, ಅದು ಸಮುರಾಯ್‌ಗಳಿಗೆ ಹೊಟ್ಟೆ ಸೀಳಿಕೊಳ್ಳುವುದನ್ನು ನೆನಪಿಸುತ್ತಿತ್ತು ಅನ್ನುತ್ತಾರೆ. ಅತ್ತೆ ಇದನ್ನು ಹೇಳುತ್ತಾ ಅನ್ನವನ್ನು ಬಟ್ಟಲಿಗೆ ಬಡಿಸಿ, ಮೇಲೆ ಕರಿ ಎಳ್ಳು ಉದುರಿಸಿದರು.

ಅಮ್ಮ ನನ್ನ ತೋಳು ಹಿಡಿದಳು. "ಶುಭಕಾರ್ಯಕ್ಕೆ ಕರಿ ಎಳ್ಳಾ?" ಅಂತ ಪಿಸುಗುಟ್ಟಿದಳು. ಅಪ್ಪನ ತಿಥಿಯಲ್ಲಿ ಮಾತ್ರ ಅವಳು ಎಳ್ಳು ಕೈಗೆ ತೆಗೆದುಕೊಳ್ಳುವುದು. ನಾನು ಏನು ಹೇಳಬೇಕೋ ತಿಳಿಯದೆ ನಿಂತಿದ್ದಾಗ ಅಮ್ಮನೇ ಸಾವರಿಸಿಕೊಂಡು, ಸಹಾಯಕ್ಕೆ ಅಂತ ಮುಂದೆ ಬಂದು, ಮೇಜಿನ ಮೇಲಿದ್ದ ಚಾಪ್‌ಸ್ಟಿಕ್ ಜೋಡಿಯನ್ನು ಆ ಅನ್ನದ ನಡುವೆ ನೆಟ್ಟಗೆ ಚುಚ್ಚಿಬಿಟ್ಟಳು.

ಇಲ್ಲಿರುವವರಿಗೆ ಗೊತ್ತು, ಅನ್ನದಲ್ಲಿ ಚಾಪ್‌ಸ್ಟಿಕ್ ನೆಡುವುದು ಸತ್ತವರ ಮುಂದೆ ಇಡುವ ಅನ್ನಕ್ಕೆ. ಮಾವ ಉಸಿರು ಬಿಗಿಹಿಡಿದರು. ನನ್ನ ಎದೆ ಹೊಡೆದುಕೊಂಡಿತು. ಆಗ ಸೋಫಾದ ಮೇಲೆ ಕೂತಿದ್ದ ಅಜ್ಜಿ "ನನಗೆ ಕೊಡು, ನನಗೆ ಕೊಡು" ಅಂತ ಕೈ ಚಾಚಿದರು. ಅಮ್ಮ ಭಾಷೆ ತಿಳಿಯದಿದ್ದರೂ ಕೈಯ ಅರ್ಥ ತಿಳಿದು, ಚಾಪ್‌ಸ್ಟಿಕ್ ತೆಗೆದು ಅವರ ಅಂಗೈಯಲ್ಲಿಟ್ಟಳು. ಅಜ್ಜಿ ಅದರ ಎರಡೂ ತುದಿ ತೋರಿಸಿದರು. ಇದು ಹಬ್ಬಕ್ಕೆ ಬಳಸುವ ವಿಲೋ ಮರದ ಚಾಪ್‌ಸ್ಟಿಕ್, ಎರಡು ಕಡೆಯೂ ಸಪೂರ. ಒಂದು ತುದಿ ನಮಗೆ, ಇನ್ನೊಂದು ತುದಿ ದೇವರಿಗೆ. ಅದಕ್ಕೇ ಅದನ್ನು ಮಲಗಿಸಿಡಬೇಕು, ಎರಡೂ ತುದಿ ಬಿಡುವಾಗಿರಬೇಕು ಅಂದರು. ಸತ್ತವರ ಸುದ್ದಿಯನ್ನೇ ಎತ್ತಲಿಲ್ಲ.

ಅಮ್ಮನಿಗೆ ಸಂಜೆ ನಾನೇ ನಿಜ ಸಂಗತಿ ಹೇಳಿದೆ. ಬಹಳ ನೊಂದುಕೊಂಡಳು. ಆಮೇಲೆ ಎಳ್ಳಿನ ಸಂಗತಿಯನ್ನು ಅತ್ತೆಗೆ ಹೇಳು ಅಂದಳು. ಹೇಳಿದೆ. ಅತ್ತೆ ಬಾಯಿ ಮೇಲೆ ಕೈ ಇಟ್ಟುಕೊಂಡು ಅಮ್ಮನ ಮುಂದೆ ಬಗ್ಗಿ ನಮಸ್ಕಾರ ಮಾಡಿದರು. ಇಬ್ಬರು ಬೀಗಿತ್ತಿಯರೂ ಒಬ್ಬರಿಗೊಬ್ಬರು ಬಗ್ಗುತ್ತಲೇ ಇದ್ದರು.

ಇನ್ನು ಚಾಪ್‌ಸ್ಟಿಕ್ ಯಾರ ಕೈಯಲ್ಲಿ ಅನ್ನುವುದು. ಕ್ಯೋಟೋ ತಂಗಿ ಹೇಳಿದ ಹಾಗೆ ಸರದಿಯ ಮಾತು ಎತ್ತೋಣ ಅಂತ ನಾನು ಹಿಂದಿನ ರಾತ್ರಿಯೇ ವಾಕ್ಯ ಜೋಡಿಸಿಕೊಂಡಿದ್ದೆ. ಅದು ಬೇಕಾಗಲಿಲ್ಲ. ಅಜ್ಜಿ ಮಗುವನ್ನು ತೊಡೆಯ ಮೇಲೆ ಹಾಕಿಕೊಂಡಾಗ ನಕ್ಕರು. ಅಮ್ಮ ಅವರ ಬಾಯಿ ನೋಡಿ "ಇವೆಲ್ಲ ಸ್ವಂತ ಹಲ್ಲೇನೇ?" ಅಂತ ಕೇಳಿದಳು. ಅನುವಾದಿಸಿದೆ. ಅಜ್ಜಿ ಹೆಮ್ಮೆಯಿಂದ 21 ಅಂದರು. ಇಲ್ಲಿ 1989ರಿಂದ 8020 ಅಂತ ಒಂದು ಆಂದೋಲನ ನಡೆದಿದೆ, 80 ವರ್ಷವಾದಾಗಲೂ 20 ಸ್ವಂತ ಹಲ್ಲು ಉಳಿಸಿಕೊಳ್ಳಬೇಕು ಅಂತ. ಅಜ್ಜಿ ಅದನ್ನು 12 ವರ್ಷ ದಾಟಿಸಿದ್ದಾರೆ. ಅಮ್ಮನಿಗೆ 64, ಕೆಳಗಿನ ಸಾಲು ಕಟ್ಟಿಸಿದ ಹಲ್ಲು. ಅಮ್ಮ ನನ್ನ ಕಡೆ ತಿರುಗಿ, "ಹಲ್ಲಿನ ಕಲ್ಲು ಅಂತ ಇಟ್ಟಿದ್ದೀರಿ, ಈ ಹಲ್ಲು ಇಟ್ಟುಕೊಂಡವರನ್ನ ಬಿಟ್ಟು ಇನ್ಯಾರ ಕೈಲಿ ಮಾಡಿಸ್ತೀಯೇ? ಅವರೇ ಮಾಡಲಿ" ಅಂದಳು. ನನ್ನನ್ನು ಸಮಾಧಾನ ಮಾಡಲು ಹೇಳಿದ ಮಾತಲ್ಲ ಅದು. ಅವಳ ಮುಖ ನನಗೆ ಗೊತ್ತು.

ಅದನ್ನೂ ಅನುವಾದಿಸಿದೆ. ಅಜ್ಜಿ ಸ್ವಲ್ಪ ಹೊತ್ತು ಯೋಚಿಸಿದರು. ಆಮೇಲೆ ಸಾರಿನ ಬಟ್ಟಲನ್ನು ಅಮ್ಮನ ಕಡೆಗೆ ಸರಿಸಿ, "ಹೀರುವುದನ್ನು ಕಲಿಸುತ್ತಿರುವವರು ನೀವು, ಸಾರು ನಿಮ್ಮದು" ಅಂದರು. ಎದೆಹಾಲು ಕುಡಿಯಲು ಮಗು ಮೊದಲ ವಾರಗಳಲ್ಲಿ ಪಟ್ಟ ಕಷ್ಟ, ಅಮ್ಮ ರಾತ್ರಿಯಿಡೀ ನನ್ನ ಬೆನ್ನಿಗೆ ದಿಂಬು ಒತ್ತಿ ಕೂತದ್ದು, ನಮ್ಮನೆಯವರು ಫೋನಿನಲ್ಲಿ ಅವರಿಗೆ ಹೇಳಿದ್ದರಂತೆ.

ಅನ್ನ, ಸಾರು, ಅನ್ನ, ಮೀನು, ಅನ್ನ, ಸಾರು. ಹೀಗೆ ಮೂರು ಸುತ್ತು. ಅನ್ನಕ್ಕೂ ಮೀನಿಗೂ ಅಜ್ಜಿ, ಸಾರಿಗೆ ಅಮ್ಮ. ಅಜ್ಜಿಯ ಕೈ ನಡುಗುತ್ತದೆ, ಒಂದೊಂದೇ ಅಗುಳು ಎತ್ತುತ್ತಿದ್ದರು. ಅಮ್ಮ ಚಾಪ್‌ಸ್ಟಿಕ್ ಬೇಡ ಅಂತ ಬಟ್ಟಲನ್ನೇ ಎತ್ತಿ ಮಗುವಿನ ತುಟಿಯ ಹತ್ತಿರ ತಂದಳು, ಕೊಂಬು ಸಾರಿನ ಹಬೆ ಮಗುವಿನ ಮೂಗಿಗೆ ಹೋಯಿತು. ಮಗು ಕಣ್ಣರಳಿಸಿ ನಾಲಗೆ ಆಡಿಸಿತು. ಪ್ರತಿ ಸಲವೂ ಅಮ್ಮ ಏನೋ ಅನ್ನುತ್ತಿದ್ದಳು. ಹತ್ತಿರ ಹೋಗಿ ಕೇಳಿಸಿಕೊಂಡರೆ, "ಉಂಡು ಬೆಳಿ ಕಂದಾ, ಉಂಡು ಬೆಳಿ."

ಮೀನಿನ ಸರದಿ ಬಂದಾಗ ಅಮ್ಮ ಮುಖ ತಿರುಗಿಸಲಿಲ್ಲ. ಮಂಗಳೂರಿನ ಸರ್, ರೆಕ್ಕೆ ಬಾಲ ಬಿಚ್ಚಿಕೊಂಡು ಬೆಳ್ಳಗೆ ನಿಂತಿದ್ದವು, ನಮ್ಮನೆಯವರು ನೀವು ಬರೆದ ಹಾಗೆಯೇ ಉಪ್ಪು ಒತ್ತಿ ಸುಟ್ಟಿದ್ದರು. "ಹೆಸರೇ ತಾಯಿ ಅಂತಲ್ವೇನೇ" ಅಂತ ಅಮ್ಮ ಕೇಳಿದಳು. ಹೌದು ಅಂದೆ. ಕನ್ನಡದಲ್ಲಿ ಅದರ ಅರ್ಥವೇನು ಅಂತ ಅತ್ತೆಗೆ ತಿಳಿಸಿದೆ. ಇನ್ನು ಮೇಲೆ ಮೀನಿನಂಗಡಿಗೆ ಹೋದಾಗಲೆಲ್ಲ ನೆನಪಾಗುತ್ತದೆ ಅಂದರು.

---

ಧಾರವಾಡದಾಕಿ, ಈಗ ನಾಗೋಯಾ · ಮಾರ್ಚ್ 1, ಸಂಜೆ 5:05

ತಂಗಿ, ಓದಿ ಮುಗಸೂದರಾಗ ಚಹಾ ಆರಿ ಹೋತು. ನಿಮ್ಮ ಅಜ್ಜಿಗೆ ನನ್ನ ಶರಣು ತಿಳಸು. ತಪ್ಪು ಕಂಡ ಮ್ಯಾಲೂ ತಪ್ಪು ಅನ್ನದ ತಿದ್ದೂದು ಹೆಂಗ ಅಂತ ಅವರ ಹತ್ರ ಕಲೀಬೇಕು. ಕಲ್ಲು ಏನು ಮಾಡಿದ್ರಿ?

---

ಜಯನಗರ 4ನೇ ಬ್ಲಾಕ್ · ಮಾರ್ಚ್ 1, ರಾತ್ರಿ 8:40

ನಾನು ಹಿಂದೆ ಬರೆದದ್ದನ್ನು ವಾಪಸ್ ತೆಗೆದುಕೊಳ್ಳುತ್ತೇನಮ್ಮಾ. ಮಗುವಿಗೆ ಒಳ್ಳೆಯದಾಗಲಿ. ನನ್ನ ಹೆಂಡತಿಗೆ ಪೂರ್ತಿ ಓದಿ ಹೇಳಿದೆ, ಸೆಕಿಹಾನ್ ಮಾಡುವ ಬಗೆ ಕೇಳುತ್ತಿದ್ದಾಳೆ. ಇಲ್ಲಿ ಅಲಸಂದೆ ಸಿಗುತ್ತದೆ, ಅಕ್ಕಿ ಯಾವುದು ತರಬೇಕು?

---

ಕವಾಗೊಯೆ ಬಾಣಂತಿ · ಮಾರ್ಚ್ 1, ರಾತ್ರಿ 11:15

ಸರ್, ಮೋಚಿ ಮಾಡುವ ಅಂಟಕ್ಕಿ ಬೇಕು, ನಮ್ಮ ಸೋನಾ ಮಸೂರಿಯಲ್ಲಿ ಆ ಹದ ಬರುವುದಿಲ್ಲ. ಅತ್ತೆ ಮಾಡುವುದು ಹೀಗೆ. ಕಾಳನ್ನು ಒಮ್ಮೆ ಕುದಿಸಿ ಆ ನೀರು ಚೆಲ್ಲಿ, ಹೊಸ ನೀರಲ್ಲಿ ಮುಕ್ಕಾಲು ಬೇಯಿಸುತ್ತಾರೆ. ಆ ಕೆಂಪು ನೀರನ್ನು ಸೌಟಿನಿಂದ ಎತ್ತೆತ್ತಿ ಹೊಯ್ದು ಆರಿಸುತ್ತಾರೆ, ಗಾಳಿ ತಾಗಿದಷ್ಟು ಬಣ್ಣ ಗಾಢವಾಗುತ್ತದಂತೆ. ಅಕ್ಕಿಯನ್ನು ರಾತ್ರಿ ಅದರಲ್ಲೇ ನೆನೆಹಾಕಿ, ಬೆಳಿಗ್ಗೆ ಬಸಿದು, ಕಾಳು ಬೆರೆಸಿ, ಬಟ್ಟೆಯ ಮೇಲೆ ಹರವಿ ಇಡ್ಲಿಯ ಹಾಗೆ ಹಬೆಯಲ್ಲಿ ಬೇಯಿಸುವುದು. ನಡುವೆ ಒಂದೆರಡು ಸಲ ಉಳಿದ ಕೆಂಪು ನೀರು ಚಿಮುಕಿಸಬೇಕು. ಎಳ್ಳು ನಿಮ್ಮ ಇಷ್ಟ. ನಾಡಿದ್ದು ಮೂರನೇ ತಾರೀಖು ಮಗಳ ಮೊದಲ ಗೊಂಬೆ ಹಬ್ಬ, ಹಿನಾಮತ್ಸುರಿ. ಅದಕ್ಕೆ ಮತ್ತೆ ಸೆಕಿಹಾನ್ ಮಾಡುತ್ತೇವೆ, ಅತ್ತೆ ಈ ಸಲ ಎಳ್ಳನ್ನು ಬೇರೆ ಬಟ್ಟಲಲ್ಲಿ ಇಡುತ್ತಾರಂತೆ.

ಧಾರವಾಡದಕ್ಕಾ, ಕಲ್ಲು ದೇವಸ್ಥಾನದ ಆವರಣದಿಂದ ಕೇಳಿ ತಂದದ್ದು. ಕುದಿಸಿ ಒರೆಸಿ ಇಟ್ಟಿದ್ದೆವು. ಶಾಸ್ತ್ರ ಮುಗಿದ ಮೇಲೆ ಹಿಂದಿರುಗಿಸಬೇಕು. ಇವತ್ತು ಬೆಳಿಗ್ಗೆ ಅಜ್ಜಿ ಊರಿಗೆ ಹೊರಡುವ ಮುಂಚೆ ಎಲ್ಲರೂ ಹೋಗಿದ್ದೆವು. ಮಗುವನ್ನು ಎತ್ತಿಕೊಂಡಿದ್ದು ಅಮ್ಮ. ಚಳಿ ಇತ್ತು, ಅತ್ತೆ ತಮ್ಮ ಶಾಲು ತೆಗೆದು ಇಬ್ಬರಿಗೂ ಸೇರಿಸಿ ಹೊದಿಸಿದರು. ಚೀಲ ನಾನು ಹಿಡಿದಿದ್ದೆ.